ದಾದಿಯ ಸೈಕಲ್ ಸೀಟು

"ಗುರುಗಳೇ, ನಿಮ್ಮಿಂದ ಇಷ್ಟೆಲ್ಲ ಪಡೆದಿದ್ದೇನೆ. ಕೃತಜ್ಞತೆ ತೋರಿಸುವುದು ಹೇಗೆ?" ಎಂದು ನಿರ್ವಾಣೆಪ್ಪನೆಂಬ ಶಿಷ್ಯ ಕೇಳಿದ.

ಗುರುಗಳು ನಕ್ಕರು. ತೋರಿಸುವುದಕ್ಕೇನು, ಎಲ್ಲರೂ ತೋರಿಸುತ್ತಾರೆ, ಕೂತುಕೋ ಎಂದು ಹೇಳಿ ಈ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ದಾದಿ ಇದ್ದಳು. ಸುತ್ತಲಿನ ಹಳ್ಳಿಗಳಲ್ಲಿ ಎಲ್ಲಿ ಹೆರಿಗೆ ಇದ್ದರೂ ಸೈಕಲ್ ತುಳಿದುಕೊಂಡು ಹೋಗುವವಳು ಅವಳೇ. ಅದೇ ಊರಿನಲ್ಲಿ ಹಾಸಿಗೆ ಹೊಲಿಯುವವನೊಬ್ಬನಿದ್ದ. ಅವನ ಹೆಂಡತಿಯ ಹೆರಿಗೆ ಬಹಳ ಕಷ್ಟವಾಯಿತು. ತಾಯಿ ಮಗು ಇಬ್ಬರೂ ಉಳಿಯುವುದಿಲ್ಲವೆಂದು ಮನೆಯವರೆಲ್ಲ ಕೈಚೆಲ್ಲಿದ್ದರು. ದಾದಿ ಇಬ್ಬರನ್ನೂ ಉಳಿಸಿಕೊಟ್ಟಳು.

ಅವನಿಗೆ ಹೃದಯ ತುಂಬಿ ಬಂತು. ಈ ತಾಯಿಗೆ ಏನು ಕೊಟ್ಟರೂ ಕಡಿಮೆಯೇ ಎಂದುಕೊಂಡ. ಅವಳ ಸೈಕಲ್ಲಿನ ಸೀಟು ಕಲ್ಲಿನಂತೆ ಗಟ್ಟಿಯಾಗಿರುವುದು ಕಣ್ಣಿಗೆ ಬಿತ್ತು. ಅಂಗಡಿಯಲ್ಲಿದ್ದ ಹತ್ತಿಯಲ್ಲಿ ಒಳ್ಳೆಯದನ್ನೇ ಆರಿಸಿ, ಹಿಂಜಿ, ದಿಂಬಿನಷ್ಟು ದಪ್ಪದ ಮೆತ್ತೆ ಹೊಲಿದು ಸೀಟಿಗೆ ಬಿಗಿಯಾಗಿ ಕಟ್ಟಿಕೊಟ್ಟ. ಮೆತ್ತಗಿದ್ದರೆ ಸುಖ ಎಂಬುದು ಹಾಸಿಗೆಯವನ ಲೆಕ್ಕ. ಮಲಗುವವರ ಮಟ್ಟಿಗೆ ಅದು ಸರಿ. ತುಳಿಯುವವರ ವಿಷಯ ಅವನಿಗೆ ಗೊತ್ತಿರಲಿಲ್ಲ.

ಸಂತೆಯವರೆಗೆ ಹೋಗಿಬರಲು ಆ ಮೆತ್ತೆ ಹಾಯಾಗಿತ್ತು. ಆದರೆ ದಾದಿಯ ಹಾದಿ ದೂರದ್ದು. ಹತ್ತಿ ಕುಸಿದು ನಡುವೆ ಗಂಟಾಯಿತು, ತೊಡೆ ಉಜ್ಜಿ ಚರ್ಮ ಸುಲಿಯಿತು. ಬಿಚ್ಚಿಹಾಕೋಣವೆಂದರೆ ದಿನವೂ ಅವನ ಅಂಗಡಿಯ ಮುಂದೆಯೇ ಹೋಗಬೇಕು. ಮೆತ್ತೆ ಕಂಡೊಡನೆ ಅವನ ಮುಖ ಅರಳುತ್ತಿತ್ತು. ನಾಲ್ಕೂರಿನ ಗಂಡಸರನ್ನು ಗದರಿಸುವ ಅವಳ ಬಾಯಿ ಅವನೆದುರು ಮಾತ್ರ ಕಟ್ಟಿಹೋಗುತ್ತಿತ್ತು. ಊರು ದಾಟುವವರೆಗೆ ಹಲ್ಲುಕಚ್ಚಿ ತುಳಿದು, ಆಮೇಲೆ ಇಳಿದು ಸೈಕಲ್ ತಳ್ಳಿಕೊಂಡು ನಡೆಯತೊಡಗಿದಳು. ಒಂದು ದಿನ ಅವಳು ಮುಟ್ಟುವಷ್ಟರಲ್ಲಿ ಹೆರಿಗೆ ಆಗಿಹೋಗಿತ್ತು. ಮಗು ಹೇಗೋ ಉಳಿಯಿತು. ಇನ್ನೊಂದು ಸಲ ಹೀಗಾದರೆ ಏನು ಗತಿ ಎಂಬ ಚಿಂತೆ ಅವಳಿಗೆ ಹತ್ತಿಕೊಂಡಿತು.

ಅವಳು ಹಾಗೆ ಸೈಕಲ್ ತಳ್ಳಿಕೊಂಡು ವಾಪಸು ಬರುವಾಗ ಹಾಸಿಗೆಯವನು ಎದುರಾದ. ಪಂಕ್ಚರ್ ಆಗಿರಬೇಕೆಂದು ತಿಳಿದು, ಅವಳನ್ನು ಮನೆಗೆ ಕಳಿಸಿ, ಬೇಡವೆಂದರೂ ಕೇಳದೆ ಸೈಕಲ್ಲನ್ನು ರಿಪೇರಿ ಅಂಗಡಿಗೆ ಒಯ್ದ. ಅಂಗಡಿಯವನು ಎರಡೂ ಚಕ್ರ ಒತ್ತಿ ನೋಡಿದ. ಆಮೇಲೆ ಮೆತ್ತೆಯನ್ನು ಒತ್ತಿ ನೋಡಿದ.

"ಗಾಳಿ ಸರಿ ಇದೆ, ತೊಂದರೆ ಮೇಲಿದೆ. ಇದರ ಮೇಲೆ ಕೂರುವವರು ನೆಟ್ಟಗೆ ಕೂತು ತುಳಿಯುತ್ತಾರೋ, ಬಾಗಿಯೋ? ಎಷ್ಟು ದೂರ ಹೋಗುತ್ತಾರೆ?"

"ಅವರು ನನ್ನ ಪಾಲಿನ ದೇವರು."

"ದೇವರಿಗೆ ಸೀಟು ಯಾಕೆ? ಕೂರುವವರ ವಿಷಯ ಹೇಳಿ."

ಹಾಸಿಗೆಯವನು ದಿನವೂ ಅವಳನ್ನು ನೋಡಿ ಕೈಮುಗಿದಿದ್ದ, ಅವಳು ಹೇಗೆ ಕೂರುತ್ತಾಳೆಂದು ನೋಡಿರಲಿಲ್ಲ. ಕೂಡಲೇ ಹೆಂಡತಿಯನ್ನು ಕರೆದುಕೊಂಡು ದಾದಿಯ ಮನೆಗೆ ಹೋಗಿ ಕೇಳಿದ. ಅವಳು ಮಾತು ಮರೆಸಲು ನೋಡಿದಳು, ಕೊನೆಗೆ ಕಣ್ಣೊರೆಸಿಕೊಳ್ಳುತ್ತ ನಿಜ ಹೇಳಿದಳು. ಅವನು ಬೇಸರಪಡಲಿಲ್ಲ. ಅವನ ಹೆಂಡತಿ ದಾದಿಯನ್ನು ಹಿತ್ತಿಲಿಗೆ ಕರೆದೊಯ್ದು, ರಿಪೇರಿ ಅಂಗಡಿಯವನು ಹೇಳಿಕೊಟ್ಟಿದ್ದಂತೆ ಒದ್ದೆ ಮರಳಿನ ಮೇಲೆ ಕೂರಿಸಿ ಎಬ್ಬಿಸಿ, ಕೂರುವ ಮೂಳೆ ಊರಿದ ಎರಡು ಗುಳಿಗಳ ನಡುವಿನ ಅಂತರವನ್ನು ದಾರದಿಂದ ಅಳೆದಳು. ಬಾಗಿ ಜೋರಾಗಿ ತುಳಿಯುವವರಿಗೆ ಸಪೂರ ಸೀಟು ಸಾಕು, ಈ ಅಮ್ಮ ನೆಟ್ಟಗೆ ಕೂರುವವರು, ಹಿಂದೆ ಅಗಲವಿರಬೇಕು, ದೂರ ಹೋಗುವವರಾದ್ದರಿಂದ ಗಟ್ಟಿಯೂ ಇರಬೇಕು ಎಂದು ಅಂಗಡಿಯವನು ಆ ಅಳತೆಗೆ ಹೊಂದುವ ಚರ್ಮದ ಸೀಟು ಹಾಕಿಕೊಟ್ಟ, ದುಡ್ಡು ಹಾಸಿಗೆಯವನು ಕೊಟ್ಟ.

ಮುಂದಿನ ವಾರ ದೂರದ ಹಳ್ಳಿಯಿಂದ ಕರೆ ಬಂತು. ದಾದಿ ಎಲ್ಲೂ ಇಳಿಯದೆ ತುಳಿದು ಸಕಾಲಕ್ಕೆ ಮುಟ್ಟಿದಳು. ಹುಟ್ಟಿದ ಮಗುವನ್ನು ಕೈಗೆತ್ತಿಕೊಂಡಾಗ ಹಾಸಿಗೆಯವನನ್ನು ನೆನೆದು ಅವಳ ಮನಸ್ಸು ತುಂಬಿತು. ಹತ್ತಿಯ ಮೆತ್ತೆಯನ್ನೂ ಅವಳು ಎಸೆಯಲಿಲ್ಲ, ತಲೆದಿಂಬು ಮಾಡಿಕೊಂಡಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ನಿರ್ವಾಣೆಪ್ಪನಿಗೆ ಸಮಾಧಾನವಾಗಲಿಲ್ಲ.

"ಮೆತ್ತೆಯನ್ನು ಅವನು ಕೈಯಾರೆ ಹೊಲಿದದ್ದು, ಸೀಟು ಬರೀ ಅಂಗಡಿಯ ಸಾಮಾನು. ಕೃತಜ್ಞತೆ ಇದ್ದದ್ದು ಮೆತ್ತೆಯಲ್ಲೇ ಅಲ್ಲವೇ, ಗುರುಗಳೇ?"

"ಹೌದಪ್ಪ, ಮೆತ್ತೆಯಲ್ಲಿ ಅವನ ಕೃತಜ್ಞತೆ ಇತ್ತು, ಸೀಟಿನಲ್ಲಿ ಅವಳಿದ್ದಳು."