ಮಸೂದೆಯ ಮೇಲೆ ಕುಳಿತ ಪೇಪರ್‌ವೇಟು

"ಮತ್ತೆ ಮಾತಾಡಿಸಿ ನಿದ್ದೆ ಕೆಡಿಸಿದೆಯಾ?" ಎಂದು ರಾಜ್ಯಪಾಲರ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟು ತನ್ನ ಕೆಳಗಿದ್ದ ಮಸೂದೆಯನ್ನು ಗದರಿಸಿತು.

"ಇವತ್ತು ಹೊಸ ರಾಜ್ಯಪಾಲರು ಬರುತ್ತಾರಂತೆ, ಅಕ್ಕಾ. ಸ್ವಲ್ಪ ಸರಿದುಕೊಳ್ಳಿ. ಬಸ್ ನಿಲ್ದಾಣಗಳಲ್ಲಿ ತಾಯಂದಿರು ಮಗುವಿಗೆ ಹಾಲೂಡಿಸಲು ಒಂದು ಕೋಣೆ ಇರಬೇಕೆಂದು ನನ್ನಲ್ಲಿ ಬರೆದಿದೆ. ಶಾಸಕರೆಲ್ಲ ಒಪ್ಪಿದ್ದಾರೆ, ಸಹಿಯೊಂದೇ ಬಾಕಿ. ಅಲ್ಲಿಯವರೆಗೆ ಅವರಿಗೆ ಸೆರಗೇ ಗೋಡೆ."

"ಇಬ್ಬರು ರಾಜ್ಯಪಾಲರನ್ನು ಕಂಡಿದ್ದೇನೆ. ಪ್ರಮಾಣವಚನ ತೆಗೆದುಕೊಂಡರು, ಘಟಿಕೋತ್ಸವಗಳಲ್ಲಿ ಪದಕ ಹಂಚಿದರು, ವರ್ಗವಾಗಿ ಹೋದರು. ಒಬ್ಬರೂ ನನ್ನನ್ನು ಎತ್ತಲಿಲ್ಲ. ನಾನಿಲ್ಲದಿದ್ದರೆ ನೀನು ಗಾಳಿಗೆ ಹಾರಿಹೋಗುತ್ತಿದ್ದೆ, ನೆನಪಿರಲಿ!"

ಅಷ್ಟರಲ್ಲಿ ಹೊಸ ರಾಜ್ಯಪಾಲರು ಬಂದರು. ಸ್ವಾಗತದ ಹೂಗುಚ್ಛಗಳನ್ನಿಡಲು ಮೇಜಿನ ಮೇಲೆ ಜಾಗ ಸಾಲಲಿಲ್ಲ. ಆಕೆ ತಾವೇ ಪೇಪರ್‌ವೇಟನ್ನು ಎತ್ತಿ ಪಕ್ಕಕ್ಕಿಟ್ಟರು. ಕೆಳಗಿದ್ದ ಮಸೂದೆ ಕಣ್ಣಿಗೆ ಬಿತ್ತು. ನಿಂತುಕೊಂಡೇ ಕೊನೆಯ ಸಾಲಿನವರೆಗೂ ಓದಿ, ಆಮೇಲೆ ಕುಳಿತು ಸಹಿ ಹಾಕಿದರು.

ಜವಾನನ ಕೈಯಲ್ಲಿ ಹೊರಟ ಮಸೂದೆ ಬಾಗಿಲಲ್ಲಿ ಹಿಂತಿರುಗಿ ನೋಡಿತು.

"ಅಕ್ಕಾ, ಈ ಕೋಣೆಯ ಕಿಟಕಿ ಯಾರೂ ತೆರೆದದ್ದಿಲ್ಲ, ಫ್ಯಾನಂತೂ ಇಲ್ಲವೇ ಇಲ್ಲ. ಇಷ್ಟು ವರ್ಷ ನೀವು ನನ್ನನ್ನು ಕಾಪಾಡಿದ್ದು ಯಾವ ಗಾಳಿಯಿಂದ?"