ಕಂಚಿನ ಗೊರವಂಕಕ್ಕೆ ಕಲಿಸದ ಮಾತು

ಹೂಂಗುಟ್ಟುವವರಿದ್ದರೆ ಹೇಳುವವರಿಗೆ ಹುರುಪು. ಹೂಂ ಅನ್ನಿ ಮಕ್ಕಳೇ, ಕಥೆ ಹೊಳೆ ದಾಟುತ್ತೆ. ಸುಮ್ಮನಾದಿರೋ, ನಡುನೀರಿನಲ್ಲೇ ನಿಂತುಬಿಡುತ್ತೆ.

ಹೊಳೆಯ ಮೂಡಣ ದಂಡೆಯಲ್ಲಿ ಒಂದು ರಾಜ್ಯ ಇತ್ತು. ಅದಕ್ಕೆ ಬೊಮ್ಮರಸ ಅಂತ ಒಬ್ಬ ರಾಜ. ಒಳ್ಳೆಯವನೇ, ಆದರೆ ಹಿತ್ತಾಳೆ ಕಿವಿ. ಹೊಸದು ಅಂತ ಏನು ತಂದು ತೋರಿಸಿದರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಆ ಹೊಳೆದಂಡೆಯಲ್ಲಿ ಹುಲಿಗೆವ್ವ ಅಂತ ಒಬ್ಬ ಅಂಬಿಗರ ಹೆಂಗಸು ಇದ್ದಳು. ಗಂಡ ತೀರಿಹೋದ ಮೇಲೆ ಅವನ ಹುಟ್ಟನ್ನು ತಾನೇ ಕೈಗೆತ್ತಿಕೊಂಡವಳು. ಮೂವತ್ತು ವರ್ಷ ಜನರನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಆಚೆ ದಡ ಮುಟ್ಟಿಸಿದ್ದಳು. ಒಬ್ಬರ ಸೆರಗೂ ನೆನೆದಿರಲಿಲ್ಲ ಅಂದರೆ ಸುಳ್ಳಾದೀತು. ಸೆರಗು ನೆನೆದಿತ್ತು, ಜೀವ ಹೋಗಿರಲಿಲ್ಲ.

ಹುಲಿಗೆವ್ವನದು ಒಂದು ಅಭ್ಯಾಸ. "ಇವತ್ತು ಸುಳಿ ಎಲ್ಲೈತವ್ವ?" ಅಂತ ಯಾರಾದರೂ ಕೇಳಿದರೆ, "ಗೊತ್ತಿಲ್ಲಪ್ಪ, ನೋಡಿ ಹೇಳ್ತೀನಿ" ಅನ್ನುತ್ತಿದ್ದಳು. ನಿನ್ನೆ ದಾಟಿದ ಹೊಳೆಯನ್ನೇ ಇವತ್ತು ಗೊತ್ತಿಲ್ಲ ಅನ್ನುತ್ತಾಳಲ್ಲ ಅಂತ ಹೊಸಬರು ನಗುತ್ತಿದ್ದರು. ನಗುವವರನ್ನೂ ಅವಳು ಕೂರಿಸಿಕೊಂಡು, ಬಿದಿರಿನ ಗಳ ಇಳಿಸಿ, ತಳ ಮುಟ್ಟಿ ನೋಡಿ, ನಿಧಾನವಾಗಿ ದಾಟಿಸುತ್ತಿದ್ದಳು.

ಆ ಅಂಬಿಗರಲ್ಲಿ ಒಂದು ಕಟ್ಟಳೆ ಇತ್ತು. ಮುಂಗಾರಿನ ಹೊಸ ನೀರು ಬಂದಾಗ ಹೊಳೆ ತನ್ನ ತಳದ ಮರಳನ್ನೆಲ್ಲ ಎತ್ತಿ ಬೇರೆ ಕಡೆ ಹಾಕುತ್ತೆ. ಹೋದ ವರ್ಷದ ದಾರಿ ಈ ವರ್ಷ ಮಡುವಾಗಿರುತ್ತೆ. ಹಾಗಾಗಿ ಹೊಸ ನೀರಿನ ಮೊದಲ ಹರಿಗೋಲಿನಲ್ಲಿ ದಾರಿ ಹೇಳಿದವರೇ ಕೂರಬೇಕು. ತಾವು ಹೇಳಿದ ದಾರಿಯಲ್ಲಿ ತಾವೇ ಹೋಗಿ ಬಂದ ಮೇಲೆ ಇನ್ನೊಬ್ಬರನ್ನು ಕರೆಯಬೇಕು. ಈ ಕಟ್ಟಳೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಿ, ಆಮೇಲೆ ಬೇಕಾಗುತ್ತೆ.

ಒಂದು ದಿನ ಸಿರಿಯಣ್ಣ ಅನ್ನುವವನು ಹೊಳೆದಂಡೆಗೆ ಬಂದ. ಕೈಯಲ್ಲೊಂದು ಕಂಚಿನ ಗೊರವಂಕ. ಕೀಲಿ ತಿರುವಿದರೆ ಆ ಹಕ್ಕಿ ಕತ್ತು ಹೊರಳಿಸುತ್ತಿತ್ತು. ಕೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತಿತ್ತು. ಒಂದಕ್ಕೊಂದು ಜೋಡಿಸಿ ಇಂಪಾಗಿ ಮಾತಾಡುತ್ತಿತ್ತು.

"ಯವ್ವಾ, ನನ್ನ ಹಕ್ಕಿಗೆ ಹೊಳೆ ವಿದ್ಯೆ ಕಲಿಸ್ತೀಯಾ?" ಅಂದ.

"ಕಲೀತೀನಿ ಅಂದೋರಿಗೆ ಬ್ಯಾಡ ಅಂತಾರೇನಪ್ಪಾ? ಹತ್ತು, ಕೂತ್ಕೋ" ಅಂದಳು ಹುಲಿಗೆವ್ವ.

ಮೂರು ತಿಂಗಳು ಅವನು ಅವಳ ಹರಿಗೋಲಿನಲ್ಲಿ ಓಡಾಡಿದ. ಅವಳು ಕೊಟ್ಟ ರೊಟ್ಟಿ ತಿಂದ, ಅವಳು ಕೊಟ್ಟ ಮಜ್ಜಿಗೆ ಕುಡಿದ. ಬಂಡೆ ಎಲ್ಲಿ, ಮಡು ಎಲ್ಲಿ, ಗಾಳಿ ತಿರುಗಿದರೆ ಹುಟ್ಟು ಹೇಗೆ ಹಾಕಬೇಕು, ಎಲ್ಲವನ್ನೂ ಅವಳು ಹೇಳಿದಳು, ಹಕ್ಕಿ ಕೇಳಿತು. ಆದರೆ ಅವಳು "ಗೊತ್ತಿಲ್ಲಪ್ಪ" ಅಂದಾಗೆಲ್ಲ ಸಿರಿಯಣ್ಣ ತನ್ನ ಎರಡು ಹೆಬ್ಬೆರಳಿನಿಂದ ಹಕ್ಕಿಯ ಎರಡೂ ಕಿವಿ ಮುಚ್ಚಿಬಿಡುತ್ತಿದ್ದ.

"ಪಾಪ, ಅದರ ಕಿವಿ ಯಾಕಪ್ಪಾ ಮುಚ್ತಿ?" ಅಂತ ಕೇಳಿದಳು ಹುಲಿಗೆವ್ವ.

"ಆ ಮಾತೊಂದು ಬ್ಯಾಡವ್ವ. ಗೊತ್ತಿಲ್ಲ ಅನ್ನೋ ಹಕ್ಕಿನ ಯಾರು ಮೂಸಿ ನೋಡ್ತಾರೆ?"

ಹುಲಿಗೆವ್ವ ನಕ್ಕು ಸುಮ್ಮನಾದಳು. ಅಲ್ಲೇ ಅವಳು ತಪ್ಪಿದ್ದು. ಕೊಡುವುದು ಅವಳಿಗೆ ಗೊತ್ತಿತ್ತು. ಕೊಟ್ಟಿದ್ದರಲ್ಲಿ ಅರ್ಧ ಬಿಸಾಡಿ ಉಳಿದರ್ಧವನ್ನೇ ಪೂರ್ತಿ ಅಂತ ತೋರಿಸುವವರೂ ಇರುತ್ತಾರೆ ಅನ್ನುವುದು ಗೊತ್ತಿರಲಿಲ್ಲ.

ಊರ ಜೋಯಿಸರ ಹತ್ತಿರವೂ ಸಿರಿಯಣ್ಣ ಹೀಗೇ ಮಾಡಿದ್ದ. ನಾಟಿ ವೈದ್ಯರ ಹತ್ತಿರವೂ ಹೀಗೇ ಮಾಡಿದ್ದ. ಎಲ್ಲರ ವಿದ್ಯೆಯನ್ನೂ ಹಕ್ಕಿಯ ಹೊಟ್ಟೆಗೆ ತುಂಬಿಸಿಕೊಂಡು ನೆಟ್ಟಗೆ ಅರಮನೆಗೆ ಹೋದ.

ಹಕ್ಕಿಯ ಮೇಲೆ ಸುಳ್ಳು ಹೇಳಬಾರದು, ಅದು ಚೂಟಿಯೇ. ರಾಜ ಮರೆತಿದ್ದ ಜೋಗುಳ ಹಾಡಿ ತೋರಿಸಿತು. ರಾಣಿಗೆ ಬೇಕಾಗಿದ್ದ ಕಷಾಯದ ಬೇರು ಯಾವುದು ಅಂತ ಹೇಳಿತು. ರಾಜ ಹಿರಿಹಿರಿ ಹಿಗ್ಗಿದ.

"ಇನ್ನು ಜೋಯಿಸರು ಯಾಕೆ ಮಹಾಪ್ರಭು?" ಅಂದ ಸಿರಿಯಣ್ಣ. ರಾಜ ಜೋಯಿಸರನ್ನು ಮನೆಗೆ ಕಳಿಸಿದ. ಹಕ್ಕಿ ಹೇಳಿದ ದಿನ ಜನ ಬಿತ್ತಿದರು, ಮಳೆ ಬರಲಿಲ್ಲ. "ಹಕ್ಕಿ ಸರಿಯಾಗೇ ಹೇಳಿತ್ತು, ಮಳೆ ತಪ್ಪಿತು" ಅಂದ ಸಿರಿಯಣ್ಣ. ರಾಜ ಹೂಂ ಅಂದ.

"ಇನ್ನು ವೈದ್ಯರು ಯಾಕೆ ಮಹಾಪ್ರಭು?" ಅಂದ. ರಾಜ ವೈದ್ಯರನ್ನು ಮನೆಗೆ ಕಳಿಸಿದ. ಹಲ್ಲುನೋವು ಅಂತ ಬಂದವನಿಗೆ ಹಕ್ಕಿ ಭೇದಿಯಾಗುವ ಮದ್ದು ಹೇಳಿತು. "ಹೊಟ್ಟೆ ಹಸನಾದರೆ ಹಲ್ಲೂ ಹಸನಾಗುತ್ತೆ" ಅಂದ ಸಿರಿಯಣ್ಣ. ರಾಜ ಆಗಲೂ ಹೂಂ ಅಂದ. ಹಲ್ಲುನೋವಿನವನು ಮೂರು ದಿನ ಚೆಂಬು ಹಿಡಿದು ಓಡಾಡಿದ.

"ಇನ್ನು ಅಂಬಿಗರು ಯಾಕೆ ಮಹಾಪ್ರಭು? ಹಕ್ಕಿ ದಾರಿ ಹೇಳುತ್ತೆ, ಆಳುಗಳು ಹುಟ್ಟು ಹಾಕುತ್ತಾರೆ" ಅಂದ. ರಾಜ ಅಂಬಿಗರೆಲ್ಲರ ಹುಟ್ಟನ್ನು, ಹುಲಿಗೆವ್ವನದನ್ನೂ ಸೇರಿಸಿ, ಕಿತ್ತು ತರಿಸಿ ಉಗ್ರಾಣದಲ್ಲಿ ಇಡಿಸಿದ. ಅವತ್ತು ಹುಲಿಗೆವ್ವ ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ಹೊಳೆದಂಡೆಯಲ್ಲಿ ಕೂತು ಅತ್ತಳು. ಮೂವತ್ತು ವರ್ಷ ಹುಟ್ಟು ಹಿಡಿದ ಕೈಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಅಷ್ಟರಲ್ಲಿ ಮುಂಗಾರು ಬಂತು. ಹೊಳೆಗೆ ಹೊಸ ನೀರು ಬಂತು. ಅದೇ ಹೊತ್ತಿಗೆ ರಾಜನ ಸೊಸೆ ಪದುಮಲೆಗೆ ಏಳು ತಿಂಗಳು ತುಂಬಿತು. ಚೊಚ್ಚಿಲ ಹೆರಿಗೆ, ತವರಿಗೆ ಹೋಗಬೇಕು. ತವರು ಹೊಳೆಯಾಚೆ. ಮೂರು ವರ್ಷದ ಹಿಂದೆ ಅವಳನ್ನು ಮದುವಣಗಿತ್ತಿಯಾಗಿ ಈಚೆ ದಡಕ್ಕೆ ತಂದವಳು ಹುಲಿಗೆವ್ವನೇ. "ಬಾಣಂತನಕ್ಕೂ ನೀನೇ ದಾಟಿಸಬೇಕವ್ವ" ಅಂತ ಪದುಮಲೆ ಅವತ್ತೇ ಹೇಳಿದ್ದಳು.

"ಸೊಸೆಯನ್ನು ಸುಖವಾಗಿ ದಾಟಿಸು, ನಿನ್ನನ್ನು ಮಂತ್ರಿ ಮಾಡುತ್ತೇನೆ" ಅಂತ ರಾಜ ಸಿರಿಯಣ್ಣನಿಗೆ ಹೇಳಿದ. ಸಿರಿಯಣ್ಣನ ಕಣ್ಣು ಅವತ್ತಿನಿಂದ ಹೊಳೆಯ ಮೇಲಿರಲಿಲ್ಲ, ಮಂತ್ರಿಯ ಪೀಠದ ಮೇಲಿತ್ತು.

ಬೆಳಗ್ಗೆ ಊರಿಗೆ ಊರೇ ದಂಡೆಯಲ್ಲಿ ನೆರೆಯಿತು. ನೀರು ಕೆಂಪಗೆ, ದಡ ತುಂಬಿ ಹರಿಯುತ್ತಿತ್ತು. ಪದುಮಲೆ ಹೊಟ್ಟೆ ಹಿಡಿದುಕೊಂಡು ಹರಿಗೋಲಿಗೆ ಕಾಲಿಡಬೇಕು, ಅಷ್ಟರಲ್ಲಿ ಹುಲಿಗೆವ್ವ ಜನರನ್ನು ತಳ್ಳಿಕೊಂಡು ಬಂದು ಹರಿಗೋಲಿನ ಅಂಚು ಹಿಡಿದಳು.

"ತಡೀರಿ ದೊರೀ! ಹಕ್ಕಿನ ಮೂರು ಮಾತು ಕೇಳ್ತೀನಿ. ಆಮ್ಯಾಲೆ ನಿಮ್ಮಿಷ್ಟ."

ರಾಜ ಕೇಳು ಅಂದ. ಹುಲಿಗೆವ್ವ ಹಕ್ಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಬ್ಯಾಸಿಗ್ಯಾಗ ಆನೆಬಂಡೆ ಹತ್ರ ಹೆಂಗ್ ದಾಟಬೇಕೋ?"

"ಬಂಡೆಯ ಬಲಕ್ಕೆ. ಮೊಣಕಾಲುದ್ದ ನೀರು" ಅಂತು ಹಕ್ಕಿ. ಅದು ಅವಳೇ ಹೇಳಿಕೊಟ್ಟದ್ದು, ಸರಿಯಾಗೇ ಇತ್ತು.

"ಹೊಸ ನೀರು ಬಂದೈತಲ್ಲ, ಈಗ?"

"ಬಂಡೆಯ ಬಲಕ್ಕೆ. ಮೊಣಕಾಲುದ್ದ ನೀರು." ಆನೆಬಂಡೆಯ ನೆತ್ತಿಯೇ ಮುಳುಗಿತ್ತು. ಆದರೂ ಹಕ್ಕಿಯ ದನಿ ಸ್ವಲ್ಪವೂ ಅಳುಕಲಿಲ್ಲ.

"ಹಂಗಾರ, ಕುದುರೆಬಂಡೆ ಎಲ್ಲೈತಿ ಹೇಳು."

"ಆನೆಬಂಡೆಗೆ ಹನ್ನೆರಡು ಮಾರು ಎಡಕ್ಕೆ. ಕಪ್ಪು ಬಂಡೆ. ಅದರ ಬೆನ್ನ ಮೇಲೆ ಅಗಸರು ಬಟ್ಟೆ ಒಗೆಯುತ್ತಾರೆ."

ಅಂಬಿಗರೆಲ್ಲ ಗೊಳ್ಳೆಂದು ನಕ್ಕರು. "ದೊರೀ, ಈ ಹೊಳ್ಯಾಗ ಕುದುರೆಬಂಡೆ ಅನ್ನೋದೇ ಇಲ್ಲ. ಹೆಸರು ನಾನೀಗ ಹುಟ್ಟಿಸಿದ್ದು" ಅಂದಳು ಹುಲಿಗೆವ್ವ.

ಸಿರಿಯಣ್ಣ ಸೋಲುವ ಆಸಾಮಿಯೇ? "ಮಹಾಪ್ರಭು, ಇವಳಿಗೆ ಇರೋದು ಒಂದು ತಲೆ. ನನ್ನ ಹಕ್ಕಿಯೊಳಗೆ ನೂರು ತಲೆ. ಇವಳು ಕಾಣದ ಬಂಡೆಯನ್ನು ಅದು ಕಂಡಿದೆ, ಅಷ್ಟೇ!" ಅಂದ. ರಾಜ ಅದಕ್ಕೂ ತಲೆಯಾಡಿಸಿದ.

ಹುಲಿಗೆವ್ವನಿಗೆ ಸಿಟ್ಟು ಬಂತು. ಆದರೆ ಪದುಮಲೆಯ ಮುಖ ನೋಡಿ ಸಿಟ್ಟನ್ನು ನುಂಗಿಕೊಂಡಳು. ಹಕ್ಕಿಯ ಮುಖ ನೋಡಿದಳು, ಅದರ ಮೇಲೂ ಕನಿಕರ ಬಂತು. ಪಾಪ, ಕಲಿಸದ್ದನ್ನು ಅದು ಎಲ್ಲಿಂದ ತಂದೀತು? ಆಮೇಲೆ ಮೆಲ್ಲಗೆ ಹೇಳಿದಳು: "ಆಗಲಿ ದೊರೀ, ಹಕ್ಕಿ ಹೇಳಿದ್ದೇ ದಾರಿ. ಆದ್ರ ನಮ್ಮ ಕಟ್ಟಳೆ ಒಂದೈತಿ. ಹೊಸ ನೀರಾಗ ದಾರಿ ಹೇಳಿದೋರೇ ಮೊದಲು ಕೂರಬೇಕು. ಹಕ್ಕಿ ಸಿರಿಯಣ್ಣಂದು. ಸಿರಿಯಣ್ಣ ಮೊದಲು ಕೂರಲಿ."

ಸಿರಿಯಣ್ಣನ ಮುಖ ಸುಣ್ಣದ ಗೋಡೆಯಂತಾಯಿತು. "ನನಗೆ... ನನಗೆ ನೆಗಡಿ" ಅಂದ.

"ನನ್ನ ಹೊಟ್ಟೆಯ ಕೂಸು ಕೂರಬಹುದಾದ ಹರಿಗೋಲಿನಲ್ಲಿ ಇವರ ನೆಗಡಿ ಕೂರಬಾರದೇ ಮಾವಾ?" ಅಂದಳು ಪದುಮಲೆ.

"ಹರಿಗೋಲು ಚಿಕ್ಕದು" ಅಂದ. ಅಂಬಿಗರು ದೊಡ್ಡದನ್ನೇ ತಂದು ಮುಂದಿಟ್ಟರು.

"ಇವತ್ತು ದಿನ ಚೆನ್ನಾಗಿಲ್ಲ" ಅಂದ.

ಗುಂಪಿನಲ್ಲಿದ್ದ ಜೋಯಿಸರು ಕೆಮ್ಮಿದರು. "ದಿನ ನೋಡೋಕೆ ನಾನೆಲ್ಲಿದ್ದೆ ಮಾರಾಯ? ಇವತ್ತು ಬಹಳ ಒಳ್ಳೆ ದಿನ ಅಂತ ನಿನ್ನ ಹಕ್ಕಿಯೇ ಅಲ್ಲವೇ ಹೇಳಿದ್ದು?"

ರಾಜನ ಹಿತ್ತಾಳೆ ಕಿವಿಗೆ ಆಗ ಮೊದಲ ಸಲ ಏನೋ ಬೇರೆ ಕೇಳಿಸಿತು. "ಹತ್ತು" ಅಂದ.

ಹರಿಗೋಲಿಗೆ ಉದ್ದನೆಯ ಹಗ್ಗ ಕಟ್ಟಿದರು. ದಂಡೆಯಲ್ಲಿ ಹತ್ತು ಜನ ಅಂಬಿಗರು ಹಗ್ಗದ ತುದಿ ಹಿಡಿದು ನಿಂತರು. ಒಳಗೆ ಸಿರಿಯಣ್ಣ, ಅವನ ಪಕ್ಕದಲ್ಲಿ ಹಕ್ಕಿ, ಎದುರಿಗೆ ಹುಲಿಗೆವ್ವ. ಅವಳ ಹುಟ್ಟನ್ನು ಉಗ್ರಾಣದಿಂದ ತಂದುಕೊಟ್ಟರು. ಅವಳು ಅದನ್ನು ಹಣೆಗೆ ಮುಟ್ಟಿಸಿಕೊಂಡಳು.

"ಬಲಕ್ಕೆ" ಅಂತು ಹಕ್ಕಿ. ಬಲಕ್ಕೆ ಹಾಕಿದಳು. ಹರಿಗೋಲು ತೂಗಿತು.

"ಇನ್ನೂ ಬಲಕ್ಕೆ" ಅಂತು. ಇನ್ನೂ ಬಲಕ್ಕೆ ಹಾಕಿದಳು. ಹರಿಗೋಲು ತಿರುಗಿತು.

"ಇಲ್ಲಿ ಮೊಣಕಾಲುದ್ದ ನೀರು" ಅಂತು. ಹುಲಿಗೆವ್ವ ಗಳ ಇಳಿಸಿದಳು. ಎರಡಾಳುದ್ದದ ಗಳ ಪೂರ್ತಿ ಮುಳುಗಿತು, ಅವಳ ತೋಳೂ ನೆನೆಯಿತು, ತಳ ಸಿಗಲಿಲ್ಲ. ಹರಿಗೋಲು ಸುಳಿಗೆ ಸಿಕ್ಕಿ ಗರಗರ ಸುತ್ತತೊಡಗಿತು. ಸಿರಿಯಣ್ಣ ಎರಡೂ ಕೈಯಲ್ಲಿ ಅಂಚನ್ನು ಅವುಚಿಕೊಂಡ.

"ಎತ್ತಾಗ ಹೋಗ್ಲಿ ಯಪ್ಪಾ? ದಾರಿ ಹೇಳು!" ಅಂದಳು ಹುಲಿಗೆವ್ವ.

"ಗೊತ್ತಿಲ್ಲವ್ವ!" ಅಂತ ಕಿರುಚಿದ ಸಿರಿಯಣ್ಣ. "ನಂಗೇನೂ ಗೊತ್ತಿಲ್ಲ! ಹಕ್ಕಿಗೂ ಗೊತ್ತಿಲ್ಲ! ನಡುನೀರಾಗ ಕೈ ಬಿಡಬ್ಯಾಡವ್ವ!"

ಅವನ ಎರಡು ಹೆಬ್ಬೆರಳೂ ಹರಿಗೋಲಿನ ಅಂಚಿನಲ್ಲಿದ್ದವು. ಹಕ್ಕಿಯ ಕಿವಿ ತೆರೆದಿತ್ತು. ಹುಟ್ಟಿದಾಗಿನಿಂದ ಕೇಳದ ಮಾತನ್ನು ಅದು ಅವತ್ತು ಕೇಳಿತು. ಕತ್ತು ಆ ಕಡೆ ಹೊರಳಿಸಿತು, ಈ ಕಡೆ ಹೊರಳಿಸಿತು.

"ನೀನೇ ಹೇಳೋ ಕೂಸೇ, ದಾರಿ ಎಲ್ಲೈತಿ?" ಅಂದಳು ಹುಲಿಗೆವ್ವ.

"ಗೊತ್ತಿಲ್ಲ" ಅಂತು ಹಕ್ಕಿ. ದೊಡ್ಡ ಹೊರೆ ಇಳಿಸಿದವರ ಹಾಗೆ ಇನ್ನೊಂದು ಸಲ ಅಂತು: "ಗೊತ್ತಿಲ್ಲವ್ವ. ನೀನೇ ನೋಡು."

ಹುಲಿಗೆವ್ವನ ಕಣ್ಣಲ್ಲಿ ನೀರು ಬಂತು. "ಈಗ ನೀನು ಹೊಳೆ ವಿದ್ಯೆ ಕಲಿತೆ ನೋಡು" ಅಂತ ಅದರ ಕಂಚಿನ ತಲೆ ಸವರಿದಳು. ಆಮೇಲೆ ದಂಡೆಯ ಕಡೆ ಕೈ ಬೀಸಿದಳು. ಹತ್ತು ಜನ ಹಗ್ಗ ಜಗ್ಗಿದರು, ಹರಿಗೋಲು ಸುಳಿ ಬಿಟ್ಟು ದಡಕ್ಕೆ ಬಂತು. ಸಿರಿಯಣ್ಣನ ಬೆರಳುಗಳನ್ನು ಅಂಚಿನಿಂದ ಒಂದೊಂದಾಗಿ ಬಿಡಿಸಬೇಕಾಯಿತು.

ರಾಜ ತಲೆ ತಗ್ಗಿಸಿದ. "ತಪ್ಪಾಯಿತು ಹುಲಿಗೆವ್ವ. ಈಗ ದಾರಿ ಎಲ್ಲಿದೆ?"

"ಗೊತ್ತಿಲ್ಲ ದೊರೀ, ನೋಡಿ ಹೇಳ್ತೀನಿ" ಅಂದಳು ಹುಲಿಗೆವ್ವ. ಈ ಸಲ ಯಾರೂ ನಗಲಿಲ್ಲ.

ಮಧ್ಯಾಹ್ನದ ತನಕ ಅವಳು ಗಳ ಇಳಿಸಿ ಇಳಿಸಿ ನೋಡಿದಳು. ಹೊಳೆ ಈ ವರ್ಷ ಎಡಕ್ಕೆ ಮರಳು ಹಾಸಿತ್ತು. ಒಮ್ಮೆ ತಾನೊಬ್ಬಳೇ ಹೋಗಿ ಬಂದಳು. ಆಮೇಲೆ ಪದುಮಲೆಯನ್ನು ಕೈ ಹಿಡಿದು ಕೂರಿಸಿಕೊಂಡಳು. ಹಕ್ಕಿಯನ್ನೂ ಕರೆದುಕೊಂಡಳು, ಅದು ಪದುಮಲೆಯ ಮಡಿಲಲ್ಲಿ ಕೂತು ದಾರಿಯುದ್ದಕ್ಕೂ ಜೋಗುಳ ಹಾಡಿತು. ಆರು ತಿಂಗಳಾದ ಮೇಲೆ ಪದುಮಲೆ ಅದೇ ಹರಿಗೋಲಿನಲ್ಲಿ ಹೆಣ್ಣು ಕೂಸನ್ನೆತ್ತಿಕೊಂಡು ವಾಪಸು ಬಂದಳು.

ಜೋಯಿಸರು ಬಂದರು, ವೈದ್ಯರು ಬಂದರು, ಅಂಬಿಗರ ಕೈಗೆ ಹುಟ್ಟು ಬಂತು. ಹಕ್ಕಿ ಅವರ ಜೊತೆಗೇ ಉಳಿಯಿತು. ಗೊತ್ತಿದ್ದದ್ದನ್ನು ಹೇಳುತ್ತಿತ್ತು, ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಹೋಗಿ ಕೇಳೋಣ" ಅನ್ನುತ್ತಿತ್ತು. ಜನ ಅದನ್ನು ಮೊದಲಿಗಿಂತ ಹೆಚ್ಚು ನಂಬಿದ್ದು ಆಮೇಲೆಯೇ. ಇನ್ನು ಸಿರಿಯಣ್ಣ? ಮಂತ್ರಿಯ ಪೀಠ ಸಿಗಲಿಲ್ಲ, ಬೇರೊಂದು ಪೀಠ ಸಿಕ್ಕಿತು. ಪ್ರತಿ ವರ್ಷ ಹೊಸ ನೀರು ಬಂದಾಗ ಮೊದಲ ಹರಿಗೋಲಿನಲ್ಲಿ ಹುಲಿಗೆವ್ವನ ಎದುರಿಗೆ ಕೂರಬೇಕು ಅಂತ ರಾಜ ಅಪ್ಪಣೆ ಮಾಡಿದ. ನೆಗಡಿ ಇದ್ದರೂ ಕೂರಬೇಕು.

ನೀತಿ ಇಷ್ಟೇ ಮಕ್ಕಳೇ. ಗೊತ್ತಿಲ್ಲ ಅನ್ನಲು ಬಾರದ ಜಾಣನ ಮಾತು ಕೇಳಿ ನೀರಿಗಿಳಿಯಬೇಡಿ, ಅವನು ಕಂಚಿನವನಾಗಲಿ, ಮಾಂಸದವನಾಗಲಿ. ದಾರಿ ಹೇಳುವವನು ಸಿಕ್ಕಿದರೆ ಮೊದಲು, "ನೀನು ಕೂರ್ತೀಯಾ?" ಅಂತ ಕೇಳಿ.

ಕಥೆ ಆಚೆ ದಡ ಮುಟ್ಟಿತು, ನಾವು ಈಚೆ ದಡದಲ್ಲಿ ಉಳಿದೆವು. ಇನ್ನು ಹೂಂ ಅನ್ನುವುದು ಸಾಕು.