ಥುನೇರ್ ಮರದ ಕೆಂಪು ಬಟ್ಟಲು

ಹಿಮಾಲಯ ಇನ್ನೂ ಎಳೆಯ ಬೆಟ್ಟವಾಗಿತ್ತು. ಯಾವ ಮರ ಎಲ್ಲಿ ನಿಲ್ಲಬೇಕೆಂದು ಗೊತ್ತಾಗಿರಲಿಲ್ಲ. ಮಾತು ಮಾತ್ರ ಎಲ್ಲರಿಗೂ ಬರುತ್ತಿತ್ತು.

ಒಂದು ದಿನ ಗಾಳಿ ಬೀಜಗಳಿಗೆ ರೆಕ್ಕೆ ಹಂಚಿತು. ಪೈನ್ ಮರ ಎಲ್ಲರಿಗಿಂತ ಮುಂದೆ ನಿಂತು ಬೇಕಾದಷ್ಟು ಪಡೆಯಿತು. ಥುನೇರ್ ಮರ ನಿಧಾನದ್ದು. ಬೆಳೆಯುವುದೂ ನಿಧಾನ, ಬರುವುದೂ ನಿಧಾನ. ಅದು ಬರುವಷ್ಟರಲ್ಲಿ ಗಾಳಿಯ ಚೀಲ ಬರಿದಾಗಿತ್ತು.

ಪೈನ್ ಬೀಜಗಳು ಹಾರಿದವು. ಬಿಸಿಲು ಬೀಳುವ ಇಳಿಜಾರೆಲ್ಲ ಪೈನ್ ಕಾಡಾಯಿತು. ಥುನೇರ್ ಬೀಜಗಳು ತಾಯಿಯ ಬುಡದಲ್ಲೇ ಬಿದ್ದು, ದಟ್ಟ ನೆರಳಲ್ಲಿ ಮೊಳೆಯದೆ ಉಳಿದವು.

"ಅಕ್ಕಾ, ನಿನ್ನ ಮಕ್ಕಳು ಮನೆ ಬಿಟ್ಟು ಹೊರಡುವುದೇ ಇಲ್ಲವಲ್ಲ" ಎಂದು ಪೈನ್ ಕೀಟಲೆ ಮಾಡಿತು.

ಇದರ ಮೇಲೆ ಇನ್ನೊಂದು ಕಷ್ಟ. ಬೆಟ್ಟದ ಮೇಲಿದ್ದ ಬಚುಲಿ ಎಂಬ ಹೆಂಗಸಿಗೆ ಥುನೇರ್ ತೊಗಟೆಯ ಚಹಾ ಎಂದರೆ ಪ್ರಾಣ. ನೆಂಟರು ಬಂದರೆ ಸಾಕು, ಕುಡುಗೋಲು ಹಿಡಿದು ಹೊರಡುವಳು. ಅಂದವಾಗಿ ಕಾಣಲೆಂದು ಬಳೆಯಂತೆ ಕಾಂಡದ ಸುತ್ತಲೂ ಸುಲಿಯುವಳು. ಹಾಗೆ ಸುಲಿದ ಮರ ಒಣಗುತ್ತಿತ್ತು. ಕೊನೆಗೆ ಉಳಿದದ್ದು ಒಂದೇ ಮರ.

ಆ ಮರ ಸಿಳ್ಳೆಹಕ್ಕಿಯನ್ನು ಕರೆದು, ನನ್ನ ಬೀಜ ಹೊರುವೆಯಾ ಎಂದು ಕೇಳಿತು. ಬರೀ ಬೀಜ ಹೊರಲು ತನಗೇನು ಹುಚ್ಚೇ, ಜೊತೆಗೆ ತಿಂಡಿ ಬೇಕು ಎಂದಿತು ಹಕ್ಕಿ.

ಥುನೇರ್ ಯೋಚಿಸಿತು. ನಿಧಾನವಾಗಿಯೇ ಯೋಚಿಸಿತು. ಒಂದು ಬೆಳಗ್ಗೆ ಪ್ರತಿ ಬೀಜದ ಸುತ್ತಲೂ ಪುಟ್ಟ ಕೆಂಪು ಬಟ್ಟಲು! ಬಟ್ಟಲು ಸಿಹಿ, ಬೀಜ ವಿಷ.

"ಬಟ್ಟಲು ನಿನಗೆ, ಬೀಜ ಮಣ್ಣಿಗೆ. ಕಚ್ಚಬೇಡ, ಇಡಿಯಾಗಿ ನುಂಗು."

ಹಕ್ಕಿ ಮೊದಲ ಬಟ್ಟಲು ನುಂಗುವಷ್ಟರಲ್ಲಿ ಬಚುಲಿ ಬಂದಳು. ಮನೆಯಲ್ಲಿ ನೆಂಟರು ಕಾಯುತ್ತಿದ್ದರು.

"ತಾಯೀ, ಇದನ್ನೂ ಸುತ್ತ ಸುಲಿದರೆ ಇದೂ ಒಣಗುತ್ತದೆ. ಆಮೇಲೆ ನಿನಗೆ ಚಹಾ ಇಲ್ಲ, ನನಗೆ ತಿಂಡಿ ಇಲ್ಲ" ಎಂದಿತು ಹಕ್ಕಿ.

"ಅವೆಲ್ಲ ಮುಪ್ಪಿನಿಂದ ಒಣಗಿದವು ಅಂದುಕೊಂಡಿದ್ದೆ" ಎಂದಳು ಬಚುಲಿ.

ಅವಳು ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಳೆಯ ಬದಿಯ ಕಾಡು ಪುದೀನ ಕಿತ್ತು ಮನೆಗೆ ಹೋದಳು. ಪುದೀನ ಚಹಾ ಕಂಡು ನೆಂಟರು ಮೂಗು ಮುರಿದರು. ಆದರೂ ಎರಡನೇ ಲೋಟ ಕೇಳಿದರು.

ಹಕ್ಕಿ ಹೊಟ್ಟೆ ತುಂಬಾ ತಿಂದು ಹಾರಿತು. ದೇವದಾರುಗಳ ತಂಪಿನಲ್ಲಿ ಕೂತಲ್ಲೆಲ್ಲ ಹಿಕ್ಕೆ ಹಾಕಿತು. ಹಿಕ್ಕೆ ಬಿದ್ದಲ್ಲೆಲ್ಲ, ನಿಧಾನವಾಗಿ, ಥುನೇರ್ ಮೊಳೆಯಿತು.

ಅದಕ್ಕೇ ಇಂದೂ ಹಿಮಾಲಯದಲ್ಲಿ ಪೈನ್ ಮರಗಳು ಕಣ್ಣು ಹಾಯಿಸಿದಷ್ಟು ದೂರ ಕಾಣುತ್ತವೆ. ಥುನೇರ್ ಮರಗಳು ಮಾತ್ರ ಕೆಲವೇ ಇವೆ, ಅವುಗಳ ತೊಗಟೆ ಯಾರೂ ಮುಟ್ಟದಂತೆ ಕಾಯಬೇಕು, ಮತ್ತು ಒಂದನ್ನು ನೋಡಬೇಕೆಂದರೆ ನೆರಳೊಳಗೆ ಸಿಳ್ಳೆ ಕೇಳಿಸಿದ ಕಡೆಗೆ ನಡೆಯಬೇಕು.